ಬೆಂಗ್ರೆಯ ಕಥೆಗೆ ಎಷ್ಟು ಚೌಕ ಬೇಕು?

ಮಂಗಳೂರಿನ ಹಳೆ ಬಂದರಿನಲ್ಲಿ ನಿಂತು ಪಡುವಣಕ್ಕೆ ಮುಖ ಮಾಡಿದರೆ ಕಡಲಿಗಿಂತ ಮೊದಲು ಕಾಣುವುದು ಬೆಂಗ್ರೆ. ಎದುರಿಗೆ ಫಲ್ಗುಣಿ ನದಿ, ಅದರಾಚೆ ತೆಂಗು, ಮನೆ, ಮಸೀದಿ, ಭಜನಾ ಮಂದಿರಗಳನ್ನು ಹೊತ್ತ ಮರಳಿನ ಉದ್ದನೆಯ ಪಟ್ಟಿ, ಅದಕ್ಕೂ ಆಚೆ ಅರಬ್ಬಿ ಸಮುದ್ರ. ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಕಡಲಿಗಿಳಿಯುವ ಅಳಿವೆ ಬಾಗಿಲಿನಲ್ಲಿ ಈ ಪಟ್ಟಿ ಮುಗಿಯುತ್ತದೆ. ಮಹಾನಗರ ಪಾಲಿಕೆಯ ಲೆಕ್ಕದಲ್ಲಿ ಇದು 60ನೇ ವಾರ್ಡು. ಪೇಟೆಗೆ ಹೋಗಲು ದೋಣಿ ಹತ್ತಿದರೆ ನೇರ ದಾರಿ, ರಸ್ತೆ ಹಿಡಿದರೆ ತಣ್ಣೀರುಬಾವಿ, ಕೂಳೂರು ಸೇತುವೆ ಎಂದು ದೊಡ್ಡ ಸುತ್ತು. ತೋಟ ಬೆಂಗ್ರೆಯಲ್ಲಿ ಮೊಗವೀರರ ತುಳು, ಕಸಬಾ ಬೆಂಗ್ರೆಯಲ್ಲಿ ಬ್ಯಾರಿ, ಶಾಲೆಯ ಕರಿಹಲಗೆಯ ಮೇಲೆ ಕನ್ನಡ.

ಈ ಊರನ್ನು ಚಿತ್ರದಲ್ಲಿ ಹೇಳಬೇಕೆಂದು ಅಲ್ಲಿಯ ಹುಡುಗಿಯೊಬ್ಬಳಿಗೆ ಆಸೆಯಾಯಿತೆನ್ನಿ. ಆಕೆಗೆ ಏನು ಬೇಕು? ಒಳ್ಳೆಯ ಪೆನ್ಸಿಲು, ಡ್ರಾಯಿಂಗ್ ಕ್ಲಾಸು ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಲೋಕದ ಹೆಸರಾಂತ ಗ್ರಾಫಿಕ್ ಕಾದಂಬರಿಗಳು ಹುಟ್ಟಿದ ಬಗೆಯನ್ನು ನೋಡಿದರೆ ಉತ್ತರ ಬೇರೆಯೇ ಸಿಗುತ್ತದೆ. ಆಕೆಗೆ ಮೊದಲು ಬೇಕಾದದ್ದು ಬೇರೆ ಯಾರೋ ಬರೆದ ಒಂದು ಗ್ರಾಫಿಕ್ ಕಾದಂಬರಿ.

ಗ್ರಾಫಿಕ್ ಕಾದಂಬರಿ ಎಂದರೆ ಕಾಮಿಕ್ಸಿನ ಚೌಕಗಳಲ್ಲೇ, ಆದರೆ ಪುಸ್ತಕದ ಉದ್ದದಲ್ಲಿ, ದೊಡ್ಡವರ ಬದುಕಿನ ಭಾರ ಹೊತ್ತು ಸಾಗುವ ಕಥೆ. ಈ ಹೆಸರು ಓದುಗರ ನಾಲಿಗೆಗೆ ಹತ್ತುವಂತೆ ಮಾಡಿದ್ದು ಅಮೆರಿಕದ ವಿಲ್ ಐಸ್ನರ್ 1978ರಲ್ಲಿ ಹೊರತಂದ ‘ಎ ಕಾಂಟ್ರಾಕ್ಟ್ ವಿತ್ ಗಾಡ್’. ಐಸ್ನರ್ ಆಗ ಅರವತ್ತು ದಾಟಿದ್ದರು. ಮುಸುಕಿನ ಪತ್ತೇದಾರನ ಕಾಮಿಕ್ಸ್ ಬರೆದು ಹೆಸರು ಮಾಡಿದ್ದ ಆ ಮನುಷ್ಯ ಇಳಿವಯಸ್ಸಿನಲ್ಲಿ ತಿರುಗಿ ನೋಡಿದ್ದು ತಾನು ಬೆಳೆದಂಥ ಕೇರಿಯನ್ನು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡ್ರಾಪ್ಸಿ ಅವೆನ್ಯೂ ಎಂಬ ಕಲ್ಪಿತ ಬೀದಿ, ಅಲ್ಲೊಂದು ಬಾಡಿಗೆ ವಠಾರ, ವಠಾರದಲ್ಲಿ ಬಡ ಯಹೂದಿ ಕುಟುಂಬಗಳು. ನಾಲ್ಕು ಕಥೆಗಳನ್ನೂ ಒಂದಕ್ಕೊಂದು ಬೆಸೆಯುವುದು ಆ ವಠಾರವೇ. ಕಥೆಗೆ ವೀರ ಬೇಕಿಲ್ಲ, ವಿಳಾಸ ಸಾಕು ಎಂದು ತೋರಿಸಿದ ಪುಸ್ತಕ ಅದು.

ಒಂದು ಗ್ರಾಫಿಕ್ ಕಾದಂಬರಿ ಇನ್ನೊಂದನ್ನು ಹುಟ್ಟಿಸುವ ಸರಪಳಿ ಇದಕ್ಕಿಂತಲೂ ಸ್ವಾರಸ್ಯದ್ದು. 1972ರಲ್ಲಿ ಜಸ್ಟಿನ್ ಗ್ರೀನ್ ಎಂಬ ಕಲಾವಿದ ‘ಬಿಂಕಿ ಬ್ರೌನ್’ ಎಂಬ ಪಾತ್ರದ ಮರೆಯಲ್ಲಿ ತನ್ನದೇ ಕಥೆ ಬರೆದ. ಕ್ಯಾಥೊಲಿಕ್ ಮನೆಯ ಹುಡುಗನೊಬ್ಬ ಪಾಪಭೀತಿಯಲ್ಲಿ ನಲುಗುವುದು, ಬಿಡಲಾಗದ ಗೀಳುಗಳಿಗೆ ಸಿಕ್ಕಿಬೀಳುವುದು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಚೌಕಗಳಲ್ಲಿಟ್ಟ. ಅದನ್ನು ಕಂಡವರಲ್ಲಿ ಆರ್ಟ್ ಸ್ಪೀಗಲ್‌ಮನ್ ಒಬ್ಬರು. ತನ್ನ ಮನೆಯ ನೋವನ್ನೂ ಹೀಗೆ ಹೇಳಬಹುದೆಂಬ ದಾರಿ ತೆರೆದದ್ದು ಆ ಪುಸ್ತಕ ಎಂದು ಅವರು ಹಲವು ಸಲ ನೆನೆದಿದ್ದಾರೆ. ಹಿಟ್ಲರನ ಯಾತನಾ ಶಿಬಿರದಿಂದ ಬದುಕಿ ಬಂದ ತಂದೆಯನ್ನು ಕೂರಿಸಿ, ಮಾತಾಡಿಸಿ, ಧ್ವನಿಮುದ್ರಿಸಿಕೊಂಡು ಅವರು ಬರೆದದ್ದು ‘ಮೌಸ್’. ಅದರಲ್ಲಿ ಯಹೂದಿಗಳು ಇಲಿಗಳು, ಜರ್ಮನರು ಬೆಕ್ಕುಗಳು. 1992ರಲ್ಲಿ ಅದಕ್ಕೆ ವಿಶೇಷ ಪುಲಿಟ್ಜರ್ ಪ್ರಶಸ್ತಿ ಬಂತು.

ಸರಪಳಿ ಅಲ್ಲಿಗೆ ನಿಲ್ಲಲಿಲ್ಲ. ಇರಾನಿನಿಂದ ಪ್ಯಾರಿಸ್ಸಿಗೆ ಬಂದಿದ್ದ ಮರ್ಜಾನ್ ಸತ್ರಪಿ ‘ಮೌಸ್’ ಓದಿದರು. ಇಷ್ಟು ಗಂಭೀರವಾದದ್ದನ್ನು ಹೀಗೂ ಹೇಳಬಹುದೇ ಎಂಬ ಬೆರಗೇ ಅವರನ್ನು ‘ಪರ್ಸೆಪೊಲಿಸ್’ ಕಡೆಗೆ ಕರೆದೊಯ್ಯಿತು. ಕ್ರಾಂತಿ, ಯುದ್ಧ, ತಲೆಗೆ ಬಿದ್ದ ವಸ್ತ್ರ, ಅಜ್ಜಿಯ ಮಾತು, ಎಲ್ಲವೂ ಕಡುಕಪ್ಪು ಮತ್ತು ಬಿಳಿಯಲ್ಲಿ. 2000ದಿಂದ 2003ರ ನಡುವೆ ಫ್ರೆಂಚಿನಲ್ಲಿ ನಾಲ್ಕು ಭಾಗಗಳಾಗಿ ಬಂದ ಆ ಕೃತಿಯನ್ನು ಪ್ರೀತಿ ನಾಗರಾಜ್ ಕನ್ನಡಕ್ಕೂ ತಂದಿದ್ದಾರೆ. ಶ್ರೀನಗರದ ಮಲಿಕ್ ಸಜಾದ್ 2015ರಲ್ಲಿ ‘ಮುನ್ನು’ ಬರೆದಾಗ ಕಾಶ್ಮೀರಿಗಳನ್ನು ಅಳಿವಿನಂಚಿನ ಹಂಗುಲ್ ಜಿಂಕೆಗಳಾಗಿ ಚಿತ್ರಿಸಿದರು. ಇಲಿಯ ಹೆಜ್ಜೆಗುರುತು ಅಲ್ಲಿಯೂ ಕಾಣುತ್ತದೆ. ಅಮೆರಿಕದ ಕ್ಯಾಥೊಲಿಕ್ ಹುಡುಗ, ಪೋಲೆಂಡಿನ ಯಹೂದಿ ತಂದೆ, ಟೆಹರಾನಿನ ಹುಡುಗಿ, ಶ್ರೀನಗರದ ಬಾಲಕ: ಇವರೆಲ್ಲರನ್ನೂ ಕೂಡಿಸುವ ಒಂದೇ ಊರಾಗಲಿ, ಒಂದೇ ಭಾಷೆಯಾಗಲಿ, ಒಂದೇ ಧರ್ಮವಾಗಲಿ ಇಲ್ಲ. ಒಬ್ಬರ ಗೆರೆಯನ್ನು ಇನ್ನೊಬ್ಬರು ನಕಲು ಮಾಡಲೂ ಇಲ್ಲ. ಕೈಯಿಂದ ಕೈಗೆ ದಾಟಿದ್ದು ಧೈರ್ಯವೊಂದೇ. ನನ್ನ ಮನೆಯ ಜಗಲಿಯಲ್ಲಿ ನಡೆದದ್ದೂ ಪುಸ್ತಕಕ್ಕೆ ತಕ್ಕ ವಿಷಯ ಎಂಬ ಧೈರ್ಯ.

ಆ ಧೈರ್ಯದ ಜೊತೆಗೆ ಸ್ವಲ್ಪ ಕಸುಬೂ ಬೇಕು. ಅದರ ಮೊದಲ ಪಾಠ ಎರಡು ಚೌಕಗಳ ನಡುವೆ ಬಿಡುವ ಖಾಲಿ ಜಾಗದಲ್ಲಿದೆ. ಅಮೆರಿಕದ ಸ್ಕಾಟ್ ಮೆಕ್ಲೌಡ್ 1993ರಲ್ಲಿ ಬರೆದ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಇದನ್ನು ಕಾಮಿಕ್ಸ್ ರೂಪದಲ್ಲೇ ವಿವರಿಸುತ್ತದೆ. ಬೆಂಗ್ರೆಯವರಿಗೆ ಇದು ಸುಲಭವಾಗಿ ತಿಳಿದೀತು, ಯಾಕೆಂದರೆ ಆ ಖಾಲಿ ಜಾಗ ಅವರ ನದಿಯಂತೆಯೇ. ಮೊದಲ ಚೌಕದಲ್ಲಿ ಬಂದರಿನ ಕಡೆ ದೋಣಿಯ ಹಗ್ಗ ಬಿಚ್ಚುವ ಕೈ ಬರೆಯಿರಿ. ಎರಡನೆಯದರಲ್ಲಿ ಮರಳಿನ ಮೇಲೆ ಕಾಲಿಡುವ ಹೆಂಗಸನ್ನು ಬರೆಯಿರಿ, ಕೈಯಲ್ಲಿ ರೇಷನ್ನಿನ ಚೀಲವಿರಲಿ. ನೀವು ನದಿಯನ್ನು ಬರೆಯಲೇ ಇಲ್ಲ, ಆದರೂ ಓದುಗ ಅದನ್ನು ದಾಟಿರುತ್ತಾನೆ. ಕಥೆಯ ಅರ್ಧ ಕೆಲಸವನ್ನು ಓದುಗನ ಮನಸ್ಸು ಆ ಬಿಳಿಯ ಸಂದಿನಲ್ಲಿ ಮಾಡಿಬಿಡುತ್ತದೆ. ಸಿನಿಮಾ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ತೋರಿಸಿ ನಮ್ಮನ್ನು ಎಳೆದೊಯ್ಯುತ್ತದೆ. ಇಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಎಂಬುದು ಓದುವವರ ಕೈಯಲ್ಲಿದೆ.

ಚೌಕದಿಂದ ಚೌಕಕ್ಕೆ ಜಿಗಿಯುವ ಬಗೆಗಳನ್ನೂ ಮೆಕ್ಲೌಡ್ ವಿಂಗಡಿಸಿ ತೋರಿಸುತ್ತಾರೆ. ಕೆಲವೊಮ್ಮೆ ಒಂದು ಕ್ರಿಯೆಯಿಂದ ಮುಂದಿನ ಕ್ರಿಯೆಗೆ, ಕೆಲವೊಮ್ಮೆ ಒಂದು ಜಾಗದಿಂದ ಇನ್ನೊಂದಕ್ಕೆ. ಜಪಾನಿನ ಮಾಂಗಾಗಳಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಬಗೆಯಿದೆ. ಅಲ್ಲಿ ಕಾಲ ಮುಂದೆ ಹೋಗುವುದಿಲ್ಲ, ಕಣ್ಣು ಮಾತ್ರ ಅತ್ತಿತ್ತ ಓಡಾಡುತ್ತದೆ. ಕರಾವಳಿಯ ಮಳೆಗಾಲಕ್ಕೆ ಹೇಳಿ ಮಾಡಿಸಿದ ಬಗೆ ಇದು. ಕವುಚಿ ಹಾಕಿದ ನಾಡದೋಣಿ. ಟಾರ್ಪಾಲಿನ ಮೇಲೆ ಸುರಿಯುವ ನೀರು. ಬಲೆಯ ಕಣ್ಣು ಹೆಣೆಯುವ ಬೆರಳು. ಒಲೆಯ ಮೇಲಿನ ಗಂಜಿ. ನಾಲ್ಕು ಚೌಕ ಮುಗಿದರೂ ಏನೂ ‘ಆಗಿಲ್ಲ’. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುವ ಊರಿನಲ್ಲಿ ಏನೂ ಆಗದಿರುವುದೇ ದೊಡ್ಡ ಕಥೆ ಎಂದು ಓದುಗನಿಗೆ ಗೊತ್ತಾಗುತ್ತದೆ.

ಎರಡನೆಯ ಪಾಠ, ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳಬಾರದು. ಮಳೆ ಬರೆದು ಅದರ ಮೇಲೆ ‘ಜೋರು ಮಳೆ ಬರುತ್ತಿತ್ತು’ ಎಂದು ಬರೆದರೆ ಒಂದು ಚೌಕ ವ್ಯರ್ಥ. ಅದೇ ಮಳೆಯ ಮೇಲೆ ‘ಅಪ್ಪ ಇವತ್ತೂ ಮಾತಾಡಲಿಲ್ಲ’ ಎಂದು ಬರೆದು ನೋಡಿ. ಚಿತ್ರ ಒಂದು ಹೇಳುತ್ತದೆ, ಮಾತು ಇನ್ನೊಂದು ಹೇಳುತ್ತದೆ, ಎರಡೂ ತಾಗಿದಲ್ಲಿ ಮೂರನೆಯದೊಂದು ಹುಟ್ಟುತ್ತದೆ. ಬರೀ ಕಥೆಯಲ್ಲಿ, ಬರೀ ಚಿತ್ರದಲ್ಲಿ ಸಿಗದ ಲಾಭ ಇದು.

ಮೂರನೆಯದು ಅಕ್ಷರ. ‘ಆಸ್ಟರಿಕ್ಸ್’ ಕಾಮಿಕ್ಸಿನಲ್ಲಿ ಗಾಥ್ ಜನರ ಮಾತು ಹಳೆಯ ಜರ್ಮನ್ ಲಿಪಿಯ ದಪ್ಪ ಅಕ್ಷರಗಳಲ್ಲಿರುತ್ತದೆ, ಈಜಿಪ್ಟಿನವರು ಚಿತ್ರಲಿಪಿಯಲ್ಲೇ ಮಾತಾಡುತ್ತಾರೆ. ಯಾರು ಯಾವ ಭಾಷೆಯಲ್ಲಿ ಆಡಿದರು ಎಂದು ಬೇರೆ ಹೇಳುವ ಕಷ್ಟವೇ ಇಲ್ಲ. ಬೆಂಗ್ರೆಯ ಕಥೆಯಲ್ಲಿ ತುಳು, ಬ್ಯಾರಿ, ಕನ್ನಡ ಮೂರೂ ಒಂದೇ ದೋಣಿಯಲ್ಲಿ ಕೂತಿರುತ್ತವೆ. ಮೂರನ್ನೂ ಕನ್ನಡ ಲಿಪಿಯಲ್ಲೇ ಬರೆಯುವ ರೂಢಿ ನಮ್ಮಲ್ಲಿದೆ. ದುಂಡಗೆ ಒಂದು, ಓರೆಯಾಗಿ ಒಂದು, ಪಠ್ಯಪುಸ್ತಕದ ಅಚ್ಚಿನ ಹಾಗೆ ಒಂದು ಎಂದು ಮೂರು ಕೈಬರಹ ಹಿಡಿದರೆ, ಮನೆಯ ಮಾತಿನಿಂದ ಶಾಲೆಯ ಮಾತಿಗೆ ಮಗು ದಾಟುವ ಗಳಿಗೆ ಕಣ್ಣಿಗೇ ಕಾಣುತ್ತದೆ. ಗದ್ಯದಲ್ಲಿ ಇದಕ್ಕೆ ಒಂದು ಪ್ಯಾರಾ ಬೇಕು.

ಇದೆಲ್ಲ ಹೊರಗಿನ ಸರಕು, ನಮಗೇಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರು ಯಾವುದಾದರೂ ವೀರಗಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಲಿ. ಸಾಮಾನ್ಯವಾಗಿ ಮೂರು ಪಟ್ಟಿ. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲಿನದರಲ್ಲಿ ಆತ ದೇವರ ಸನ್ನಿಧಿಯಲ್ಲಿ ಕೂತಿರುವುದು. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಮೂರು ಚೌಕದ ಕಥೆ, ನಡುವಿನ ಸಂದುಗಳೂ ಅಲ್ಲೇ ಇವೆ. ತರೀಕೆರೆ ಬಳಿಯ ಅಮೃತಪುರದಲ್ಲಿ 1196ರ ಹೊಯ್ಸಳ ಗುಡಿಯ ದಕ್ಷಿಣ ಗೋಡೆಯ ಮೇಲೆ ರಾಮಾಯಣ 70 ಫಲಕಗಳಲ್ಲಿ, ಅದೂ ಅಪ್ರದಕ್ಷಿಣವಾಗಿ ಸಾಗುತ್ತದೆ. ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆ 25 ಫಲಕಗಳಲ್ಲಿ, ಮಹಾಭಾರತ 45ರಲ್ಲಿ. ಯಾವ ಪ್ರಸಂಗಕ್ಕೆ ಎಷ್ಟು ಫಲಕ ಕೊಡಬೇಕು, ಯಾವುದನ್ನು ಬಿಡಬೇಕು ಎಂದು ಆ ಶಿಲ್ಪಿಗಳು ತಲೆ ಕೆಡಿಸಿಕೊಂಡ ಹಾಗೆಯೇ ಇವತ್ತಿನ ಕಾಮಿಕ್ಸ್ ಕಲಾವಿದರೂ ಕೆಡಿಸಿಕೊಳ್ಳುತ್ತಾರೆ. ಬೆಂಗ್ರೆಯ ಹುಡುಗಿ ಅಷ್ಟು ದೂರ ಹೋಗಬೇಕೆಂದೂ ಇಲ್ಲ. ಹೊಳೆ ದಾಟಿ ಗುಡ್ಡ ಹತ್ತಿದರೆ ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೋ ಮೊಸ್ಕೆನಿ 1899ರ ಹೊತ್ತಿಗೆ ಅಲ್ಲಿ ಕೈಹಾಕಿ, ಚಾವಣಿಯ ಉದ್ದಕ್ಕೂ ಸಂತನ ಬದುಕನ್ನು ಚಿತ್ರಗಳ ಸಾಲಿನಲ್ಲಿ ಬಿಡಿಸಿದರು. ಕತ್ತೆತ್ತಿ ಓದುವ ಚಿತ್ರಕಥೆ ಅದು.

ಮಂಗಳೂರಿಗೆ ಸೇರಿದ ಇನ್ನೊಂದು ಸಂಗತಿಯಿದೆ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ರುಡಾಲ್ಫ್ ಟಾಪ್ಫರ್ ಎಂಬ ಶಾಲಾ ಮೇಷ್ಟ್ರು ತನ್ನ ಹುಡುಗರನ್ನು ನಗಿಸಲು ಚಿತ್ರ ಬರೆದು, ಅಡಿಯಲ್ಲಿ ಎರಡು ಸಾಲು ಗೀಚಿ, 1830ರ ದಶಕದಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದ. ಯುರೋಪಿನ ಕಾಮಿಕ್ಸಿನ ಇತಿಹಾಸವನ್ನು ಅನೇಕರು ಈತನಿಂದ ಆರಂಭಿಸುತ್ತಾರೆ. ಅಚ್ಚುಮೊಳೆಯ ಮುದ್ರಣದಲ್ಲಿ ಅಕ್ಷರ ಒಬ್ಬರದು, ಚಿತ್ರ ಇನ್ನೊಬ್ಬರದು. ಕಲ್ಲಚ್ಚಿನಲ್ಲಾದರೆ ಒಂದೇ ಕೈ ಎರಡನ್ನೂ ಒಟ್ಟಿಗೆ ಬರೆಯಬಹುದಿತ್ತು. ಅದೇ ದಶಕದಲ್ಲಿ, 1834ರಲ್ಲಿ, ಅದೇ ದೇಶದ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದೂ ಕಲ್ಲಿನ ಮೇಲೆಯೇ. ಚಿತ್ರವನ್ನೂ ಕೈಬರಹವನ್ನೂ ಒಂದೇ ಹಾಳೆಯಲ್ಲಿ ಮೂಡಿಸಬಲ್ಲ ಯಂತ್ರ ಕನ್ನಡದ ಮೊದಲ ಪತ್ರಿಕೆಯ ಹೊತ್ತಿಗೇ ಈ ಊರಿನಲ್ಲಿತ್ತು. ಅದು ಸುದ್ದಿ ಮುದ್ರಿಸಿತು, ಚಿತ್ರಕಥೆಯ ಕಡೆ ಹೋಗಲಿಲ್ಲ.

ಹಾಗೆಂದು ಕರಾವಳಿಗೂ ಚಿತ್ರಕಥೆಗೂ ನಂಟಿಲ್ಲ ಎನ್ನಲಾಗದು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಮುಂಬಯಿಯಲ್ಲಿ ‘ಅಮರ ಚಿತ್ರಕಥೆ’ ಕಟ್ಟಿ ಇಡೀ ದೇಶದ ‘ಅಂಕಲ್ ಪೈ’ ಆದರು. ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಂ ವಿದೇಶಿ ಕಿನ್ನರಕಥೆಗಳನ್ನು ಕನ್ನಡಕ್ಕೆ ತಂದಿದ್ದರು. ಹಾಗಾಗಿಯೇ ಪೈಯವರ ‘ಕೃಷ್ಣ’ ಹನ್ನೊಂದನೆಯ ಸಂಖ್ಯೆಯಾಯಿತು. ಇಂದ್ರಜಾಲ ಕಾಮಿಕ್ಸಿನ ಫ್ಯಾಂಟಮ್ ಕನ್ನಡ ಮಾತಾಡಿದ, ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗ ನಮ್ಮ ಕಡೆಯ ಮಕ್ಕಳ ಒಂದು ತಲೆಮಾರನ್ನೇ ಹಾರಿಸಿದ. ಕುಂದಾಪುರದ ಸತೀಶ್ ಆಚಾರ್ಯ ತನ್ನೂರಿನಲ್ಲೇ ಕೂತು ದೇಶ ನೋಡುವ ವ್ಯಂಗ್ಯಚಿತ್ರ ಬರೆಯುತ್ತಾರೆ. ಗೆರೆಗೆ ಇಲ್ಲಿ ಬರವಿಲ್ಲ. ಆದರೆ ಈ ಕಪಾಟಿನಲ್ಲಿ ದೇವರಿದ್ದಾರೆ, ರಾಜರಿದ್ದಾರೆ, ಮುಸುಕಿನ ವೀರರಿದ್ದಾರೆ. ಅಳಿವೆಯಾಚೆಯ ಉಳ್ಳಾಲದ ರಾಣಿ ಅಬ್ಬಕ್ಕನ ಮೇಲೂ ಅಮರ ಚಿತ್ರಕಥೆ ಬಂದಿದೆ. ದೋಣಿ ನಡೆಸುವವನು, ಮೀನಿನ ಬುಟ್ಟಿ ಹೊತ್ತವಳು, ಅಳಿವೆಯಲ್ಲಿ ಮರುವಾಯಿ ಹೆಕ್ಕುವವರು ಈ ಕಪಾಟಿಗೆ ಇನ್ನೂ ಹತ್ತಿಲ್ಲ.

ಅವರನ್ನು ಹತ್ತಿಸಬಹುದೆಂದು ಭಾರತದಲ್ಲೇ ತೋರಿಸಿದವರು ಓರಿಜಿತ್ ಸೇನ್. 1994ರಲ್ಲಿ ಬಂದ ಅವರ ‘ರಿವರ್ ಆಫ್ ಸ್ಟೋರೀಸ್’ ದೇಶದ ಮೊದಲ ಗ್ರಾಫಿಕ್ ಕಾದಂಬರಿ ಎಂದೇ ಹೆಸರಾಗಿದೆ. ನರ್ಮದೆಯ ಅಣೆಕಟ್ಟು, ನೆಲೆ ಕಳೆದುಕೊಳ್ಳುವ ಆದಿವಾಸಿಗಳು, ಅವರ ಸೃಷ್ಟಿಕಥೆ, ಪತ್ರಕರ್ತನೊಬ್ಬನ ಓಡಾಟ, ಎಲ್ಲವನ್ನೂ ಅವರು ಒಟ್ಟಿಗೆ ಹೆಣೆದರು. ಬೆಂಗ್ರೆಗೂ ಇಂಥ ದೊಡ್ಡ ಪ್ರಶ್ನೆಗಳಿವೆ. ಕಡಲ್ಕೊರೆತವಿದೆ, ಹಕ್ಕುಪತ್ರದ ಅಲೆದಾಟವಿದೆ, ಸಾಗರಮಾಲಾ ಯೋಜನೆಯ ಕೋಸ್ಟಲ್ ಬರ್ತ್ ಬಗ್ಗೆ ನಾಡದೋಣಿಯವರು ಎತ್ತಿದ ತಕರಾರಿದೆ. ವರದಿಯಲ್ಲಿ ಇವು ಅಂಕಿಸಂಖ್ಯೆಗಳಾಗಿ ಮುಗಿದುಹೋಗುತ್ತವೆ. ಚೌಕದಲ್ಲಾದರೆ ಅವಕ್ಕೆ ಒಂದು ಅಂಗಳ, ಒಂದು ಮುಖ ಸಿಗುತ್ತದೆ. ಹಾಗೆಂದು ಹೊಸದಾಗಿ ಪೆನ್ನು ಹಿಡಿದವರು ದೊಡ್ಡ ಪ್ರಶ್ನೆಯಿಂದಲೇ ಶುರು ಮಾಡಿದರೆ ಕಥೆ ಭಾಷಣವಾಗುವ ಅಪಾಯವಿದೆ. ಕಸಬಾ ಬೆಂಗ್ರೆಯ ಫುಟ್‌ಬಾಲ್ ಹುಚ್ಚು, ನೂಲಹುಣ್ಣಿಮೆಯ ಸಮುದ್ರಪೂಜೆ, ದಕ್ಕೆಯಲ್ಲಿ ಬಂಗುಡೆ ಬೂತಾಯಿಗಳ ಹರಾಜಿನ ಗದ್ದಲ, ಗಾಳಿಮಳೆಗೆ ದೋಣಿ ನಿಂತ ದಿನ, ಇಂಥ ಕೈಗೆಟಕುವ ವಸ್ತು ಹಿಡಿದರೆ ದೊಡ್ಡದು ತಾನಾಗಿ ಒಳಗೆ ಬರುತ್ತದೆ.

‘ನನಗೆ ಚಿತ್ರ ಬರುವುದಿಲ್ಲ’ ಎಂಬುದು ಎಲ್ಲರ ಮೊದಲ ತಡೆ. ಸ್ಪೀಗಲ್‌ಮನ್ ‘ಮೌಸ್’ ಬರೆದದ್ದು ಫೌಂಟನ್ ಪೆನ್ನಿನಲ್ಲಿ, ಸಾಮಾನ್ಯ ಹಾಳೆಯ ಮೇಲೆ, ಅಚ್ಚಾಗುವ ಅಳತೆಯಲ್ಲೇ. ಡೈರಿಯ ಹಾಗೆ ಕಾಣಲಿ ಎಂಬುದು ಅವರ ಉದ್ದೇಶ. ಇಲಿಗಳ ಕಣ್ಣು ಎಂದರೆ ಎರಡು ಚುಕ್ಕೆ. ಸತ್ರಪಿಯ ಮುಖಗಳೂ ಕೆಲವೇ ಗೆರೆಗಳಲ್ಲಿ ಮುಗಿಯುತ್ತವೆ. ಓದುಗನಿಗೆ ಮುಖ್ಯವಾದದ್ದು ಇಪ್ಪತ್ತನೆಯ ಪುಟದಲ್ಲಿ ಬರುವ ಅಜ್ಜಿ ಮೊದಲ ಪುಟದ ಅಜ್ಜಿಯೇ ಎಂದು ಗುರುತು ಹತ್ತುವುದು. ಅದಕ್ಕೊಂದು ಮೂಗುತಿ, ಒಂದು ಬಾಗಿದ ಬೆನ್ನು ಸಾಕು. ಮಾತೇ ಬಾರದೆಂಬವರಿಗೂ ದಾರಿಯಿದೆ. ಬೆಂಗಳೂರಿನ ಮಾಂಟಾ ರೇ ಪ್ರಕಾಶನ 2010ರಲ್ಲಿ ತಂದ, ಪ್ರತೀಕ್ ಥಾಮಸ್ ಕಥೆ ಹೆಣೆದು ರಾಜೀವ್ ಐಪ್ ಚಿತ್ರ ಬರೆದ ‘ಹಶ್’ನಲ್ಲಿ ಒಂದು ಮಾತೂ ಇಲ್ಲ. ಮಗುವಿನ ಮೇಲಿನ ದೌರ್ಜನ್ಯದಂಥ ಬಾಯಿಬಿಟ್ಟು ಹೇಳಲಾಗದ ಸಂಗತಿಯನ್ನು ಅದು ಮೌನದಲ್ಲೇ ಹೇಳುತ್ತದೆ.

ಆರಂಭಕ್ಕೆ ಅತ್ಯಂತ ಅಗ್ಗದ ಪದ್ಧತಿ ವರ್ಲ್ಡ್ ಕಾಮಿಕ್ಸ್ ಇಂಡಿಯಾದ್ದು. ಶರದ್ ಶರ್ಮಾ ಮತ್ತು ಅವರ ಸಂಗಡಿಗರು 1990ರ ದಶಕದ ಕೊನೆಯಿಂದ ಹಳ್ಳಿಹಳ್ಳಿಗಳಲ್ಲಿ ಕಲಿಸುತ್ತಿರುವ ಗೋಡೆ ಕಾಮಿಕ್ಸ್ ಇದು. ನಾಲ್ಕೇ ಚೌಕ, ಎರಡು ಎ4 ಹಾಳೆ ಅಂಟಿಸಿದಷ್ಟು ಅಗಲ. ಮೊದಲ ಚೌಕದಲ್ಲಿ ಯಾರು, ಎಲ್ಲಿ, ಏನು ತೊಂದರೆ, ನಡುವಿನ ಎರಡರಲ್ಲಿ ಅದು ಬಿಗಿಯಾಗುವುದು, ತಿರುಗುವುದು, ನಾಲ್ಕನೆಯದರಲ್ಲಿ ಮುಕ್ತಾಯ. ದೋಣಿ ನಿಂತ ದಿನ ಪರೀಕ್ಷೆಗೆ ಹೊರಟ ಹುಡುಗಿಯ ಕಥೆಗೆ ಇಷ್ಟು ಸಾಕು. ಜೆರಾಕ್ಸ್ ಮಾಡಿಸಿ ಶಾಲೆಯ ಗೋಡೆಗೆ, ಅಂಗಡಿಗೆ, ದೋಣಿ ಕಾಯುವ ಜಾಗಕ್ಕೆ ಅಂಟಿಸಿದರೆ ಪ್ರಕಾಶಕರ ಹಂಗೂ ಇಲ್ಲ. ನೆರೆಮನೆಯವರನ್ನೇ ಬರೆಯುವುದಾದರೆ ಅಂಟಿಸುವ ಮೊದಲು ಅವರಿಗೆ ತೋರಿಸಿ ಒಪ್ಪಿಗೆ ಪಡೆಯುವುದು ಮರ್ಯಾದೆ. ಹತ್ತು ನಾಲ್ಕು-ಚೌಕದ ಕಥೆಗಳು ಕೂಡಿದರೆ ಡ್ರಾಪ್ಸಿ ಅವೆನ್ಯೂವಿನಂತೆ ಬೆಂಗ್ರೆಯದೂ ಒಂದು ಪುಸ್ತಕವಾಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮೇಲೆ ಹೆಸರಿಸಿದ ಹಲವು ಕೃತಿಗಳಲ್ಲಿ ಹಿಂಸೆಯಿದೆ, ವಯಸ್ಕರ ವಿಷಯಗಳಿವೆ. ‘ಬಿಂಕಿ ಬ್ರೌನ್’ ಮಕ್ಕಳ ಓದಿಗೆ ಹೇಳಿದ್ದಲ್ಲ. ಚಿತ್ರ ಇದ್ದ ಮಾತ್ರಕ್ಕೆ ಮಕ್ಕಳ ಪುಸ್ತಕ ಎಂದುಕೊಂಡು ಎತ್ತಿ ಕೊಡದೆ, ಮೇಷ್ಟ್ರೋ ಟೀಚರೋ ತಾವು ಮೊದಲು ಓದಬೇಕು. ಆ ಓದು ಅವರಿಗೂ ಲಾಭವೇ.

ಬ್ಯಾರಿಗೆ 2009ರಿಂದ ಅಕಾಡೆಮಿಯಿದೆ, ತುಳುವಿಗೆ 1994ರಿಂದಲೇ ಇದೆ. ಕಥೆ, ಕವಿತೆ, ನಿಘಂಟುಗಳ ಜೊತೆ ಈ ಎರಡು ಭಾಷೆಗಳ ಮಕ್ಕಳಿಗೆ ಚಿತ್ರಕಥೆಯ ಕಮ್ಮಟವೊಂದನ್ನು ಎರಡೂ ಅಕಾಡೆಮಿಗಳು ಸೇರಿ ಬೆಂಗ್ರೆಯಲ್ಲಿ ಮಾಡಬಾರದೆಂದೇನಿಲ್ಲ. ಅಷ್ಟರವರೆಗೆ ಕಾಯಬೇಕೆಂದೂ ಇಲ್ಲ. ಶಾಲೆಯ ಗ್ರಂಥಾಲಯಕ್ಕೆ ಪುಸ್ತಕಗಳ ಪಟ್ಟಿ ಮಾಡುವವರು ಮುಂದಿನ ಸಲ ಅದರಲ್ಲಿ ಎರಡು ಗ್ರಾಫಿಕ್ ಕಾದಂಬರಿ ಸೇರಿಸಲಿ, ಪ್ರತಿಯೊಂದರ ಜೊತೆಗೂ ಗೆರೆಯಿಲ್ಲದ ಒಂದು ನೋಟ್‌ಬುಕ್ ಕಟ್ಟಿ ಕೊಡಲಿ. ಓದಿ ಹಿಂತಿರುಗಿಸುವಾಗ ಪುಸ್ತಕದ ಜೊತೆ ನಾಲ್ಕು ಚೌಕ ತುಂಬಿ ತರಬೇಕು ಎಂಬುದಷ್ಟೇ ನಿಯಮ.